ಒಂದು ಕಣ್ಣಿಗೆ ಸುಣ್ಣ

ಗಂಟಲ ಗಡ್ಡೆ ತೆಗೆಸಿಕೊಂಡು ಬಂದ ಮೂರನೇ ದಿನ
ಬೇಡವೆಂದರೂ ಹೋಗಿ ತಟ್ಟೆಯ ಮುಂದೆ ಕೂತೆ.
ಶಿಡ್ಲಘಟ್ಟದ ನಮ್ಮ ಓಣಿಯಲ್ಲಿ
ಆಗಷ್ಟೇ ಒಲೆಗಳು ಹೊಗೆ ಬಿಡುತ್ತಿದ್ದವು.
ತುಟಿಯ ಸುತ್ತ ಇರುವೆ ಹರಿದಾಡಿದಂತಾಯಿತು.
ಒರೆಸಿಕೊಂಡೆ. ಇರುವೆ ಇರಲಿಲ್ಲ.

ಹನ್ನೊಂದು ವರ್ಷದಿಂದ ನನ್ನ ಕೆಲಸ ಇಷ್ಟೇ:
ಕುದಿನೀರಲ್ಲಿ ತೇಲುವ ಗೂಡಿನಿಂದ
ರೇಷ್ಮೆಯ ತುದಿ ಹುಡುಕುವುದು.
ಕಣ್ಣಿಗೆ ಸಿಗದು ಅದು, ಬೆರಳಿಗೆ ಸಿಗುತ್ತದೆ.
ಆವತ್ತು ಬೆರಳುಗಳು ಒಂದಕ್ಕೊಂದು ಆತುಕೊಂಡು
ಹೆಬ್ಬೆರಳನ್ನು ಒಳಗೆ ಬಚ್ಚಿಟ್ಟುಕೊಂಡು
ಕೊಕ್ಕಿನ ಹಾಗೆ ಸೆಟೆದು ನಿಂತವು.
ಎಳೆ ಕಡಿಯಿತು. ರಾಟೆ ಬರಿದೇ ತಿರುಗಿತು.

"ಗಾಳಿ ಸೋಕಿದೆ ಜುಲೇಖಾ," ಅಂದಳು ಪಕ್ಕದ ಮುನಿರತ್ನ.
ಅತ್ತೆ ಮೆಣಸಿನಕಾಯಿ ನಿವಾಳಿಸಿದರು.
ಓಣಿಯೆಲ್ಲ ಕೆಮ್ಮಿತು,
ಕೈ ಬಿಚ್ಚಲಿಲ್ಲ.

ಆಸ್ಪತ್ರೆಯಲ್ಲಿ ಹುಡುಗಿಯಂಥ ಡಾಕ್ಟರಮ್ಮ
ಕಿವಿಯ ಮುಂದೆ ಬೆರಳಿಂದ ತಟ್ಟಿದಳು,
ಗಾಳಕ್ಕೆ ಸಿಕ್ಕಂತೆ ತುಟಿ ಎಳೆಯಿತು.
ತೋಳಿಗೆ ಬಿ.ಪಿ. ಪಟ್ಟಿ ಬಿಗಿದು ಕಾದಳು.
ಮತ್ತೆ ಅದೇ ಕೊಕ್ಕು.
"ಗಡ್ಡೆಯ ಬೆನ್ನಿಗೆ ಅಂಟಿಕೊಂಡು
ಅಕ್ಕಿಕಾಳಿನಂಥವು ನಾಲ್ಕು ಇರುತ್ತವೆ,
ಅದರ ಜೊತೆ ಅವೂ ಹೋಗಿರಬೇಕು."
ದೂರುವ ದನಿಯಲ್ಲ ಅದು.
ನಾನೂ ಗೂಡು ಬೇಯಿಸುವವಳು,
ಎಳೆ ಬಿಚ್ಚುವಾಗ ಒಳಗಿನದು ಏನಾಗುತ್ತದೆಂದು ಬಲ್ಲೆ.

ಮೂಳೆಯ ತುಂಬ ಸುಣ್ಣವಿದೆಯಂತೆ,
ರಕ್ತಕ್ಕೆ ಬೇಕಾದ ಚಿಟಿಕೆ ಸಿಗುತ್ತಿಲ್ಲವಂತೆ.
ಪೆಟ್ಟಿಗೆ ಮನೆಯಲ್ಲೇ ಇದೆ,
ಬೀಗದಕೈ ಆಸ್ಪತ್ರೆಯ ಕಸದಲ್ಲಿ.
ಹಿರಿಸೊಸೆಗೆ ಬೆಣ್ಣೆ, ನನ್ನ ಕಣ್ಣಿಗೆ ಸುಣ್ಣ ಅಂತ
ಅತ್ತೆಯನ್ನು ಎಷ್ಟು ಶಪಿಸಿದ್ದೆ.
ಈಗ ಸುಣ್ಣವನ್ನೇ ಕೊಡಿ ತಾಯಿ, ಎರಡು ಕಣ್ಣಿಗೂ.

ಸೂಜಿಯಿಂದ ಮೆಲ್ಲಗೆ ಇಳಿಯಿತು,
ಮೈಯೆಲ್ಲ ಬಿಸಿ,
ಬೆರಳು ಒಂದೊಂದಾಗಿ ನನ್ನವಾದವು.

"ಇದಕ್ಕೊಂದು ಹೆಸರಿದೆ," ಅಂದಳು ಡಾಕ್ಟರಮ್ಮ,
"ಸೂಲಗಿತ್ತಿಯ ಕೈ."
ನಗು ಬಂತು. ಬಾಗೇಪಲ್ಲಿಯ ನನ್ನ ನಾನಿ
ಮುನ್ನೂರು ಮಕ್ಕಳನ್ನು ಹಿಡಿದವಳು.
ಕೈಯನ್ನು ಹೀಗೇ ಕಿರಿದು ಮಾಡಿ, ಹೆಬ್ಬೆರಳು ಮಡಚಿ,
ಕತ್ತಲೆಯೊಳಗೆ ಹೋಗಿ
ತುದಿ ಹುಡುಕುತ್ತಿದ್ದಳು.
ಅವಳು ಬೇಕೆಂದಾಗ ಬಿಚ್ಚುತ್ತಿತ್ತು, ಅಷ್ಟೇ ವ್ಯತ್ಯಾಸ.

ಈಗ ಅತ್ತೆಯ ಸುಣ್ಣದ ಡಬ್ಬಿಯಲ್ಲಿ ನನ್ನ ಮಾತ್ರೆ,
ಅವರ ಸುಣ್ಣ ಔಷಧಿಯ ಖಾಲಿ ಶೀಷೆಯಲ್ಲಿ.
ದಿನಾ ನಸುಕಿಗೆ ಎಲೆ ಅಗಿಯುತ್ತಾ ಬಂದು
ನನ್ನ ಕೆನ್ನೆಗೆ ಎರಡು ಬೆರಳಲ್ಲಿ ತಟ್ಟುತ್ತಾರೆ.
ಮದುವೆಯಾದಂದಿನಿಂದ ಕಾದಿದ್ದರೇನೋ!
ತಟ್ಟಿ, ಕನ್ನಡಕ ಏರಿಸಿ, ತುಟಿಯನ್ನೇ ನೋಡುತ್ತಾರೆ.
ಅಲುಗದಿದ್ದರೆ,
"ಹೋಗು, ನೀರು ಕುದೀತಿದೆ" ಅನ್ನುತ್ತಾರೆ.