ಬಿಲ್ಲೆ ನಂಬರು ನಾನೂರ ಹದಿನೇಳು

ತಿರುಪತ್ತೂರಿನಿಂದ ಬಂದಾಗ ತಾತನ ಹತ್ತಿರ ಇದ್ದದ್ದು
ತಳ ಬೆಸೆದ ಒಂದು ಹಿತ್ತಾಳೆ ಚೊಂಬು,
ಬೆಂಕಿಗೆ ಹೆದರದ ಎರಡು ಅಂಗೈ,
ಮತ್ತೆ ಅವನೂರಲ್ಲಿ ಯಾರೂ ಎರಡನೇ ಸಲ ಕೇಳದ ಹೆಸರು:
ಚಿನ್ನಕ್ಕಣ್ಣು.

ಮಂಡ್ಯದಲ್ಲಿ, ಸಕ್ಕರೆ ಕಾರ್ಖಾನೆಯ ಗೇಟಿನ ಪಕ್ಕ,
ಗುಮಾಸ್ತರು ಕನ್ನಡಕ ಮೇಲೇರಿಸಿ ಕೇಳಿದರಂತೆ,
ಇನ್ನೊಂದ್ಸಲ ಹೇಳಯ್ಯ.
ಹೇಳಿದ.
ಇನ್ನೊಂದ್ಸಲ.
ಹಿಂದೆ ಸಾಲು ಉದ್ದವಿತ್ತು, ಬಿಸಿಲಿತ್ತು,
ಗೀಚಿಕೊಂಡರು: ಚಿನ್ನಗಣ್ಣಯ್ಯ.

ನಮ್ಮ ಮನೆಮಾತಿನಲ್ಲಿ ಚಿನ್ನ ಅಂದರೆ ಸಣ್ಣದು.
ಈ ಊರಿನಲ್ಲಿ ಚಿನ್ನ ಅಂದರೆ ಬಂಗಾರ.
ಒಂದು ರಾತ್ರಿ ರೈಲಿನಲ್ಲಿ ತೂಕಡಿಸಿದ್ದಕ್ಕೆ
ಸಣ್ಣ ಕಣ್ಣಿನವನು ಬಂಗಾರದ ಕಣ್ಣಿನವನಾದ.
ಸಂಬಳ ಮಾತ್ರ ತಿರುಪತ್ತೂರಿನ ಅರ್ಥದಲ್ಲೇ ಬರುತ್ತಿತ್ತು.

ಅಜ್ಜಿ ಪಚ್ಚೈಯಮ್ಮ ಬಂದದ್ದು ಎರಡು ವರ್ಷದ ಮೇಲೆ.
ಕಾಕಂಬಿ ವಾಸನೆಗೆ ಮೂರು ದಿನ ವಾಂತಿ.
ನಾಲ್ಕನೇ ದಿನ ಎದ್ದು ಒಲೆ ಹೂಡಿದಳು.
ಆಮೇಲೆ ಐವತ್ತು ವರ್ಷ ಕಾಫಿಗೆ ಸಕ್ಕರೆ ಹಾಕಿಕೊಳ್ಳಲಿಲ್ಲ.
ಯಾಕಜ್ಜಿ ಅಂದರೆ,
ಗಾಳೀಲೇ ಐತಲ್ಲ.

ಕಬ್ಬು ಅರೆಯುವ ತಿಂಗಳುಗಳಲ್ಲಿ
ಲೈನಿನ ಮನೆಗಳ ಮೇಲೆ ಕರಿ ಬೂದಿ ಇಳಿಯುತ್ತಿತ್ತು,
ಒಣಹಾಕಿದ ಪಂಚೆಗೆ, ಸಂಡಿಗೆಗೆ, ಮಲಗಿದ ಕೂಸಿನ ಹಣೆಗೆ.
ಅಪ್ಪನ ಮದುವೆ ಫೋಟೋದಲ್ಲಿ
ಬಿಳಿ ಅಂಗಿಯ ತುಂಬ ಚುಕ್ಕೆ.
ಫೋಟೋ ಹಳೆಯದಾಯ್ತು ಅನ್ನುತ್ತಾರೆ ನೋಡಿದವರು.
ಫೋಟೋಗೆ ಏನೂ ಆಗಿಲ್ಲ.
ಅದು ಎರಡನೇ ಪಾಳಿಯ ಬೂದಿ.

ನೀರಿನ ಗಲಾಟೆಯ ವರ್ಷ
ಅಜ್ಜಿ ರೇಡಿಯೋವನ್ನು ಅಕ್ಕಿ ಡಬ್ಬಿಯೊಳಗೆ ಹೂತಿಟ್ಟಳು.
ಪಿಸುಮಾತನ್ನೂ ಕನ್ನಡದಲ್ಲೇ ಆಡಬೇಕು ಅಂತ ಅಪ್ಪ ಏಳುಮಲೈ
ನಮಗೆ ಕಣ್ಣಲ್ಲೇ ಹೇಳಿದ.
ಸಂಜೆ ಬೀದಿಯ ತುದಿಯಲ್ಲಿ ಗುಂಪು ಕಾಣಿಸಿತು, ಟೈರಿನ ಹೊಗೆ ಕಾಣಿಸಿತು,
ಅಷ್ಟರಲ್ಲಿ ಎದುರು ಮನೆ ಚಿಕ್ಕತಾಯಮ್ಮ
ನಮ್ಮ ಹೊಸಲ ಮೇಲೆ ಬಂದು ಚಕ್ಕಳಮಕ್ಕಳ ಹಾಕಿ ಕೂತು
ಊರಿಗೆಲ್ಲ ಕೇಳುವಂತೆ ಶುರು ಮಾಡಿದಳು:
ಎಲ್ಲೈತಮ್ಮಿ ನನ್ ಚೀಟಿ ಕಾಸು?
ಮೂರ್ ತಿಂಗ್ಳಾಯ್ತು, ನಾಳೆ ಅಂತೀಯ, ನಾಡಿದ್ದು ಅಂತೀಯ,
ಇವತ್ತು ಕೊಡಗಂಟ ಏಳಾಕಿಲ್ಲ, ಮಡಗು ಈಚೆಗೆ!
ಗುಂಪು ನಿಂತು ನೋಡಿತು.
ಯಾರೋ ನಕ್ಕರು.
ಹೆಂಗಸರ ಕಾಸಿನ ಜಗಳ ಅಂತ ಮುಂದಕ್ಕೆ ಹೋಯಿತು.

ಬಾಕಿ ಇದ್ದದ್ದು ನಿಜ, ನೂರ ಎಂಬತ್ತು ರೂಪಾಯಿ.
ಅವಳು ಕಾಸಿಗೆ ಬಂದಳೋ, ನಮಗಾಗಿ ಬಂದಳೋ,
ಅಜ್ಜಿ ಸಾಯುವ ತನಕ ಕೇಳಲಿಲ್ಲ,
ಅವಳು ಸಾಯುವ ತನಕ ಹೇಳಲಿಲ್ಲ.
ಕಾಸನ್ನು ಮಾತ್ರ ಮಾರನೆಯ ವಾರವೇ ಎಣಿಸಿಕೊಂಡು ಹೋದಳು,
ಹರಿದ ಹತ್ತರ ನೋಟೊಂದನ್ನು ವಾಪಸು ಕೊಟ್ಟು.

ತಿರುಪತ್ತೂರಿನ ಸಾವಿಗೋ ಮದುವೆಗೋ ಹೋದರೆ
ದಾಯಾದಿಗಳ ಮಕ್ಕಳು ನನ್ನ ತಮಿಳು ಕೇಳಿ ಮುಸಿಮುಸಿ ನಗುತ್ತಾರೆ.
ಸಿಟ್ಟು ಬಂದಾಗ ನನ್ನ ಬಾಯಲ್ಲಿ ಬರುವುದು ಮಂಡ್ಯ,
ಹೊಟ್ಟೆ ನೋವು ಬಂದಾಗ ಅಜ್ಜಿ.
ಬೀಗರಿಗೆ ಇದನ್ನು ಹೇಗೆ ಬಿಡಿಸಿ ಹೇಳುವುದು?

ಈಗ ತಾಲೂಕು ಕಚೇರಿಯ ಎದುರು ನನ್ನದೊಂದು ಟೈಪಿಂಗ್ ಅಂಗಡಿ.
ಬರುವವರಲ್ಲಿ ಅರ್ಧ ಜನ ಹೆಸರು ಕೆಟ್ಟವರು.
ಆಧಾರಿನಲ್ಲಿ ಒಂದು, ಪಹಣಿಯಲ್ಲಿ ಒಂದು,
ಒಂದು ಕೊಂಬು ತಪ್ಪಿ ಪಿಂಚಣಿ ನಿಂತ ಮುದುಕಿಯರು.
ದಿನಕ್ಕೆ ಎಂಟು ಹತ್ತು ಸಲ ಬಡಿಯುತ್ತೇನೆ:
ಮೇಲ್ಕಂಡ ಎರಡೂ ಹೆಸರುಗಳು ಒಬ್ಬನೇ ವ್ಯಕ್ತಿಯವು.
ನಿಮ್ಮದನ್ನೂ ತಿದ್ದಿಸಿಕೊಳ್ಳಬಾರದೇನಮ್ಮ, ಚಿನ್ನಗಣ್ಣಯ್ಯ ಅಂತ ಯಾರಾದರೂ ಇಟ್ಟುಕೊಳ್ಳುತ್ತಾರಾ,
ಅಂದರು ನೋಟರಿ.
ನೋಡೋಣ ಸಾರ್ ಅಂದೆ.

ತಾತನ ಬಿಲ್ಲೆ ಅಡುಗೆಮನೆಯಲ್ಲಿದೆ.
ಪಾತ್ರೆಯ ತಳ ಹಿಡಿದ ಅನ್ನ ಕೆರೆಯುವುದಕ್ಕೆ
ಅಜ್ಜಿ ಬಳಸಿ ಬಳಸಿ ನಾಲ್ಕು ಸವೆದಿದೆ,
ಹದಿನೇಳು ಉಳಿದಿದೆ.

ಎಷ್ಟೋ ವರ್ಷ ಬೀಗ ಬಿದ್ದಿದ್ದ ಕಾರ್ಖಾನೆ
ಮೊನ್ನೆ ಪ್ರಯೋಗಕ್ಕೆಂದು ಒಂದು ಸಲ ಕೂಗಿತು.
ಊಟಕ್ಕೆ ಕೂತಿದ್ದ ಅಪ್ಪ
ಎಡಗೈ ಊರಿ ಅರ್ಧ ಎದ್ದು ನಿಂತ,
ಬಲಗೈ ತುಂಬ ಸಾರು,
ಗೋಡೆಯ ಮೊಳೆಯಲ್ಲಿ ಅಂಗಿ ಹುಡುಕುತ್ತ.