ನಾಲ್ಕು ತೂತು

ಮಾರ್ಚಿ ಮುಗಿಯುತ್ತಿತ್ತು. ಗ್ಯಾಸ್ಕನೇಡ್ ಹೊಳೆ
ಕದಡಿಕೊಂಡು ದಂಡೆ ಕಚ್ಚುತ್ತಿತ್ತು.
ಓಲೀಟಾ ಪ್ರೂಯಿಟ್ ಬಂದಳು,
ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು.
ಕಂಬಳಿಯಲ್ಲಿ ಸುತ್ತಿದ ಬಂದೂಕು ನನ್ನ ಬೆಂಚಿನ ಮೇಲಿಟ್ಟು
"ಇದಕ್ಕೊಂದು ಕೆಂಪು ಚುಕ್ಕಿ ಕೂರಿಸು" ಎಂದಳು.

ಕೂರಿಸುವುದೇ ನನ್ನ ಕಸುಬು.
ಆದರೆ ಎಲ್ಲಿ?

ನಳಿಗೆಯ ಮೇಲಿನ ಪಟ್ಟಿಗೆ ಕಚ್ಚಿಸಿದರೆ ತೂತು ಬೇಡ,
ಕೆನ್ನೆ ಹಿಡಿಗೆ ಒತ್ತಿದ ಹಾಗೇ ಇರುತ್ತದೆ,
ಕೊಕ್ಕರೆಯಂತೆ ಕತ್ತು ಚಾಚಬೇಕಿಲ್ಲ;
ಒಂದು ದಿನ ತಿರುಪು ಸಡಿಲಾಗಿ
ಚುಕ್ಕಿ ಒಂದು ಕಡೆ, ಚರೆ ಇನ್ನೊಂದು ಕಡೆ.
ಕುದುರೆಗೆ ಜೀನು ಹಾಕಿದಂತೆ ಬೆನ್ನಿಗೆ ಹೊದಿಸುವುದೂ ಉಂಟು.
ಅದು ಎತ್ತರ. ಗದ್ದ ಗಾಳಿಯಲ್ಲಿ ನಿಲ್ಲುತ್ತದೆ,
ಗದ್ದ ಗಾಳಿಯಲ್ಲಿ ನಿಂತವನ ಏಟು ಆಕಾಶಕ್ಕೆ.
ಉಳಿದದ್ದು ಬೆನ್ನನ್ನೇ ಕೊರೆಯುವುದು.
ನಾಲ್ಕು ತೂತು. ಕೊರೆದದ್ದು ಕೊರೆದದ್ದೇ,
ಕಬ್ಬಿಣ ಮರಳಿ ಚಿಗುರುವುದಿಲ್ಲ.

"ನನ್ನ ಹಲ್ಲು ಕೀಳುವಾಗ ಡಾಕ್ಟರೂ
ಇಷ್ಟು ಯೋಚಿಸಲಿಲ್ಲ" ಎಂದಳು.

ಎಪ್ಪತ್ತನಾಲ್ಕರ ಬಂದೂಕು, ಮೊಟ್ಟೆ ಮಾರಿದ ದುಡ್ಡಿನದು.
ಅವಳ ಅಂಗೈ ಕೂರುವಲ್ಲಿ ಮಾತ್ರ ನೀಲಿ ಸವೆದು
ಬೆಳ್ಳಗಾಗಿತ್ತು.
ಸೀಸದಕಡ್ಡಿಯಲ್ಲಿ ಗುರುತು ಹಾಕಿದೆ. ಅಳಿಸಿದೆ. ಮತ್ತೆ ಹಾಕಿದೆ.
"ತುದಿಯ ಹಿತ್ತಾಳೆ ಮಣಿ ಕಾಣುವುದಿಲ್ಲವೇ?"
ಸುಮ್ಮನೆ ಕೇಳಿದ್ದು.
ಅವಳು ಕಿಟಕಿಯಾಚೆ ನೋಡಿದಳು.

ಹೋದ ವರ್ಷ, ಏಪ್ರಿಲ್. ಬೆಳಕಿನ್ನೂ ತೆಳು ಹಾಲು.
ಓಕ್ ಮರಕ್ಕೆ ಬೆನ್ನು ಕೊಟ್ಟು ಕೂತಿದ್ದಳಂತೆ,
ಒಂದು ಕಣ್ಣು ಮುಚ್ಚಿ, ಪೊರೆ ಬಂದ ಇನ್ನೊಂದರಲ್ಲಿ
ಮಣಿ ಹುಡುಕುತ್ತ.
ಟರ್ಕಿ ಹುಂಜದ ತಲೆ ಬಲ್ಲಿರಲ್ಲ, ಕೆರಳಿದರೆ
ಕೆಂಪು, ಬಿಳಿ, ನೀಲಿ.
ಅದಕ್ಕೇ ಆ ತಿಂಗಳು ನಮ್ಮ ಕಾಡಿಗೆ ಹೋಗುವವರು
ಆ ಮೂರು ಬಣ್ಣ ತೊಡುವುದಿಲ್ಲ, ಕಾಲುಚೀಲದಲ್ಲಿ ಕೂಡ.
ಗುಳುಗುಳು ಕೂಗು ಕೇಳಿತು.
ಪೊದೆಯ ಸಂದಿಯಲ್ಲಿ ಕೆಂಪು ಅಲುಗಿತು.
ಬೆರಳು ಒಳಗೆ ಹೋಯಿತು.
ಕೆಂಪು ಸೀನಿತು.

"ಡೆನ್ಜಿಲ್ ಯೋಕಮ್. ಎರಡು ಬೇಲಿ ಆಚೆಯವನು.
ಕರ್ಚೀಫಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದ.
ಅವನಿಗೆ ಇವತ್ತಿಗೂ ಗೊತ್ತಿಲ್ಲ.
ಚರ್ಚಿನಲ್ಲಿ ನನ್ನ ಮುಂದಿನ ಬೆಂಚೇ ಅವನದು.
ಪ್ರತಿ ಭಾನುವಾರ ಅವನ ಕತ್ತು ನೋಡುತ್ತ
ಹಾಡುತ್ತೇನೆ."

ಒಲೆಯಲ್ಲಿ ಕಟ್ಟಿಗೆ ಕುಸಿಯಿತು.
ಚುಕ್ಕಿಯಿಂದ ಪೊರೆ ಹೋಗುವುದಿಲ್ಲ ಓಲೀಟಾ, ಎಂದೆ.
"ಗೊತ್ತು. ಅದನ್ನು ಮುಂದಿನ ವಾರ ತೆಗೆಯುತ್ತಾರೆ.
ಗುರಿ ನನಗೆ ಮೊದಲಿಂದಲೂ ಇದೆ.
ಎರಡು ಕಣ್ಣೂ ತೆರೆದಿಡುವುದಕ್ಕೆ ಏನಾದರೂ ಬೇಕು."

ಹೌದು, ಈ ಚುಕ್ಕಿಗೆ ಆ ಗುಣ ಉಂಟು:
ಗಾಜಿನ ಮೇಲೆ ಇದ್ದ ಹಾಗಿದ್ದರೂ ಅಲ್ಲಿ ಇರುವುದಿಲ್ಲ,
ನೀನು ಎಷ್ಟು ದೂರ ನೋಡುತ್ತೀಯೋ
ಅಷ್ಟು ದೂರ ಹೋಗಿ ಕೂರುತ್ತದೆ.
ಕಣ್ಣು ಮುಚ್ಚುವ ಕೆಲಸವಿಲ್ಲ. ಕಾಡು ಪೂರ್ತಿ ಇರುತ್ತದೆ,
ಕಾಡಿನಲ್ಲಿರುವವರೂ.

ಗುರುತನ್ನು ಒಂದು ಅಂಗುಲ ಮುಂದೆ ಸರಿಸಿದೆ.
ಗಾಜು ಮುಂದೆ ಹೋದಷ್ಟೂ ಚಿಕ್ಕದು,
ಸುತ್ತಲಿನದನ್ನು ನುಂಗುವುದಿಲ್ಲ.
ಇದನ್ನು ನನಗೆ ಯಾರೂ ಕಲಿಸಿರಲಿಲ್ಲ,
ಅಂಗಡಿಯವರು ಗುರಿಯ ಲೆಕ್ಕ ಮಾತ್ರ ಹೇಳುತ್ತಾರೆ.

ಕೊರೆದೆ. ಕಬ್ಬಿಣದ ಸುರುಳಿಗಳು ಬಿಸಿಬಿಸಿಯಾಗಿ ಉದುರಿದವು.
ಅವಳು ಎತ್ತಿ ಹಿಡಿದು ನೋಡಿದಳು:
"ಇದು ದುಂಡಗಿಲ್ಲ. ಜಜ್ಜಿದ ಚೆರ್ರಿಯ ಹಾಗಿದೆ."
ಫೋನಿನಲ್ಲಿ ಫೋಟೋ ತೆಗೆದು ತೋರಿಸಿದೆ, ಅದರಲ್ಲಿ ದುಂಡಗೇ ಇತ್ತು.
"ಓ, ಹಾಗಾದರೆ ಜಜ್ಜಿದ್ದು ನಾನು."
ಬೆಳಕು ಎರಡು ಮೆಟ್ಟಿಲು ತಗ್ಗಿಸಿಕೊಟ್ಟೆ.

ಮೇ ತಿಂಗಳಲ್ಲಿ ಪೇಟೆಯಲ್ಲಿ ಸಿಕ್ಕಳು.
ಹಕ್ಕಿ ಬಿತ್ತೇ ಅಂದೆ. ಇಲ್ಲವಂತೆ.
ಡೆನ್ಜಿಲ್‌ನಿಗೆ ಅರ್ಧ ಡಜನ್ ಕಂದು ಕರ್ಚೀಫು ಕೊಟ್ಟಳಂತೆ,
ಯಾಕೆ ಎಂದು ಕೇಳಿದ್ದಕ್ಕೆ
"ಸೋವಿಗೆ ಸಿಕ್ಕಿತು" ಅಂದಳಂತೆ.

ಅವನು ಇನ್ನೂ ಕೆಂಪನ್ನೇ ಹಿಡಿದು ತಿರುಗುತ್ತಿದ್ದಾನೆ.
ಮೂಗಿಗೆ ಅದೇ ಮೆತ್ತಗಂತೆ.