ಫಲಕದ ಬೆನ್ನು

ಪೆಟಿಗ್ರೂ ಕೌಂಟಿಯಲ್ಲಿ ಚರಿತ್ರೆಯ ಫಲಕ ಹದಿನೇಳು.
ಕಾರು ನಿಲ್ಲಿಸಿ ಓದುವವರು ವರ್ಷಕ್ಕೆ ನಾಲ್ಕು ಮಂದಿ,
ಅದರಲ್ಲಿ ಇಬ್ಬರು ದಾರಿ ತಪ್ಪಿದವರು.
ನಾನೂ ಓದಿದವನಲ್ಲ.
ರಸ್ತೆ ಇಲಾಖೆಯ ಹುಲ್ಲು ಕೊಯ್ಯುವ ಯಂತ್ರದ ಮೇಲೆ ಕೂತು
ಇಪ್ಪತ್ತೆರಡು ಬೇಸಿಗೆ ಅವುಗಳ ಕಾಲು ಬಳಸಿ ಬಂದವನು.
ಮುಖ ರಸ್ತೆಗೆ. ನನಗೆ ಗೊತ್ತಿರುವುದು ಬೆನ್ನು.

ಬೆಥೆಲ್ ಚರ್ಚಿನ ತಿರುವಿನದಕ್ಕೆ ಕಣಜ ಗೂಡು ಕಟ್ಟಿದೆ.
ಯುದ್ಧದ್ದರ ಮೇಲೆ ಗುಂಡಿನ ಮೂರು ಗುಳಿ,
ಜಿಂಕೆ ಸಿಗದ ಸಿಟ್ಟಿಗಿರಬೇಕು.
ಹಳೇ ಗಿರಣಿಯದು ಒಂದು ಕಡೆ ವಾಲಿದೆ;
ಗಿರಣಿ ಇದ್ದದ್ದು ಅಲ್ಲಲ್ಲ, ಅರ್ಧ ಮೈಲಿ ಕೆಳಗೆ, ಹಳ್ಳದ ಹತ್ತಿರ.
ರಸ್ತೆ ಅಗಲ ಮಾಡುವಾಗ ಕಂಬ ಕಿತ್ತು
ಲಾರಿ ನಿಲ್ಲಲು ಜಾಗ ಸಿಕ್ಕಲ್ಲಿ ನೆಟ್ಟರು.
'ಇದೇ ಸ್ಥಳದಲ್ಲಿ' ಎಂಬುದು ಹಾಗೇ ಉಳಿಯಿತು.

ಮೊನ್ನೆ ಜೂನಿನಲ್ಲಿ ಯಂತ್ರದ ರೆಕ್ಕೆ ತಾಗಿ
ಒಂಬತ್ತನೆಯದು ಬೋರಲು ಬಿತ್ತು.
ಎಳೆಗರುವಿನಷ್ಟು ಭಾರ.
ಮನೆಗೆ ತಂದು, ಅಜ್ಜ ಕಟ್ಟಿಸಿದ ಕೊಟ್ಟಿಗೆಯಲ್ಲಿ
ಎರಡು ಹಳೇ ಪೀಪಾಯಿಗಳ ಮೇಲೆ ಅಂಗಾತ ಮಲಗಿಸಿದೆ.
ಮಣ್ಣು ತೊಳೆದಾಗ ಮೊದಲ ಸಲ ಓದಿದೆ:

ಕಾಲ್ವಿನ್ ಎಚ್. ಸ್ಟ್ರಿಕ್ಲರ್ ದಾನವಿತ್ತ ನೆಲದಲ್ಲಿ
ಕೌಂಟಿಯ ಕಪ್ಪು ಮಕ್ಕಳ ಮೊದಲ ಶಾಲೆ, ೧೮೭೪.
೧೯೩೧ರಲ್ಲಿ ಬೆಂಕಿಗೆ ಆಹುತಿ.

ಇಷ್ಟೇ. ಐವತ್ತೇಳು ವರ್ಷಕ್ಕೆ ಎರಡು ಪೂರ್ಣವಿರಾಮ.

ಕರಿ ಎನಾಮಲ್ ತಂದು ಅಕ್ಷರ ತುಂಬುತ್ತ ಕೂತಿದ್ದೆ,
ಐಡೆಲ್ಲಾ ಮಫೆಟ್ ಬಂದರು. ತೊಂಬತ್ತೊಂದು ವಯಸ್ಸು,
ಬೀಟ್‌ರೂಟ್ ಉಪ್ಪಿನಕಾಯಿಯ ಒಂದು ಜಾಡಿ,
ಮೊಮ್ಮಗಳ ಕಾರು ಹೊರಗೆ ಗುರುಗುಡುತ್ತಿತ್ತು.
ಕಣ್ಣು ಮಂಜು. ಉಬ್ಬಿದ ಅಕ್ಷರದ ಮೇಲೆ ಬೆರಳಾಡಿಸಿ
ಬಿಸ್ಕತ್ತಿನ ಹಿಟ್ಟು ತಟ್ಟುವ ನಿಧಾನದಲ್ಲಿ ಓದಿದರು.

'ದಾನವಿತ್ತ' ಬಳಿ ಬೆರಳು ನಿಂತಿತು.
"ನಮ್ಮ ತಾತ ಹನ್ನೊಂದು ಸುಗ್ಗಿ ಅವನ ಹತ್ತಿ ಬಿಡಿಸಿ
ತೀರಿಸಿದ ನೆಲ ಅದು, ಹಾಯ್ಟ್."
'ಆಹುತಿ' ಬಳಿ ಇನ್ನೊಮ್ಮೆ.
"ಬೆಂಕಿ ತಾನೇ ಹಸಿದು
ನಡಕೊಂಡು ಬಂತಾ?"

ನಾನು ಕುಂಚ ಒರೆಸಿದೆ. ಒರೆಸಿದ್ದನ್ನೇ ಒರೆಸಿದೆ.

"ನನಗೆ ಹನ್ನೆರಡು. ಮೂರನೇ ಬೆಂಚು.
ನಿಮ್ಮಜ್ಜ ಗಾಡಿ ತಂದರು, ಎಲ್ಲರಿಗಿಂತ ಮೊದಲು.
ಪೀಪಾಯಿ ಇತ್ತು. ನೀರಿರಲಿಲ್ಲ."
ಹೇಳಿ, ಫಲಕದ ಕೆಳಗೆ ಕೈ ಇಳಿಸಿ
ಬೆರಳ ಗಂಟಿನಿಂದ ಒಮ್ಮೆ ತಟ್ಟಿದರು.
ಟೊಳ್ಳು ಸದ್ದು ಕೊಟ್ಟಿಗೆಯ ತುಂಬ ತಿರುಗಿ
ಪಾರಿವಾಳ ಎದ್ದವು.
ಗೊತ್ತಿಲ್ಲದೆ ಬಂದಳೆಂದು ಬೇಕಿಲ್ಲ, ಗೊತ್ತಿದ್ದೇ ಬಂದಳೆಂದೂ ಬೇಕಿಲ್ಲ.
ಮರೆತಿದ್ದವರು ನಾವು, ಅವರಲ್ಲ.

ಚರಿತ್ರೆ ಸಮಿತಿಗೆ ಫೋನ್ ಮಾಡಿದೆ.
ಹೊಸದಾಗಿ ಎರಕ ಹೊಯ್ಯಬೇಕು ಅಂದರು,
ಅಕ್ಷರಕ್ಕಿಷ್ಟು ದರ, ಸಾಲಿಗಿಷ್ಟೇ ಅಕ್ಷರ,
ಸಾಬೀತಿಗೆ ಕಾಗದ ಎರಡು, ಸಭೆ ಅಕ್ಟೋಬರಿಗೆ.
ಸಾಬೀತು ಪೀಪಾಯಿ ಅಂತ ಹೇಳಲಾಗಲಿಲ್ಲ.

ಫಲಕ ಮಗುಚಿದೆ.
ನನಗೆ ಗೊತ್ತಿರುವ ಕಡೆ ಅದೇ.
ಮೂರು ಸಂಜೆ ಅವರು ಕುರ್ಚಿಯಲ್ಲಿ ಕೂತು ಹೇಳಿದರು, ನಾನು ಬರೆದೆ,
ಬೆಂಚಿನಿಂದ ಬೆಂಚಿಗೆ, ಕೂತ ಸಾಲಿನಲ್ಲೇ:
ರೂಫಸ್ ಗ್ಯಾಡಿ. ಲುವೀನಿಯಾ ಗ್ಯಾಡಿ.
ಒಬೆಡ್, ಕಮ್ಮಾರನ ಮಗ, ಲೆಕ್ಕದಲ್ಲಿ ಜಾಣ.
ಅವಳಿಗಳು, ಅವರ ಹೆಸರು ಆಗಲೂ ಅದಲುಬದಲು.
ಟೀಚರ್ ಮಿಸ್ ಟಾರ್ಪ್ಲಿ. ಮೊದಲ ಹೆಸರು?
"ಮಿಸ್ ಅನ್ನೋದೇ ಅವರ ಹೆಸರು ಅಂದ್ಕೊಂಡಿದ್ವಿ."
ಇಪ್ಪತ್ತಾರು ಹೆಸರು. ಕೆಲವಕ್ಕೆ ಕೈ ನಡುಗಿ
ಕಾಲು ಸೊಟ್ಟ. ಅಳಿಸಿ ಬರೆಯಲಿಲ್ಲ.

ಆಗಸ್ಟಿನಲ್ಲಿ ಹೊಸ ಕಂಬಕ್ಕೆ ಬಿಗಿದೆ.
ಮುಖ ರಸ್ತೆಗೇ, ಮೊದಲಿನ ಹಾಗೆ.
ಯಂತ್ರ ಹಿಂದಿನಿಂದ ಬಳಸಿ ಬರುವಾಗ
ಈಗ ಗೇರ್ ಇಳಿಸುತ್ತೇನೆ,
ಗರಿಕೆ ಸಿಡಿದು ಅವರ ಮೇಲೆ ಬೀಳದಂತೆ.

ಕೊನೆಯ ಹೆಸರಿನ ಕೆಳಗೆ ಒಂದು ಸಾಲಿನ ಜಾಗವಿದೆ.
ಅಜ್ಜನದನ್ನು ಬರೆಯಲೇ ಎಂದು ನಾನು ಕೇಳಲಿಲ್ಲ,
ಬರಿ ಎಂದು ಅವರು ಹೇಳಲಿಲ್ಲ.
ಡಬ್ಬಿಯಲ್ಲಿ ಇನ್ನೂ ಬಣ್ಣವಿದೆ.